ಜಾರುವ ಪೋರ್ಚುಗೀಸರು

ಚಪ್ಪಲಿ ಅಂಗಡಿಯವನ ಹತ್ತಿರ ಜನ ದೂರು ಹೇಳಿಕೊಂಡು ಬರುವುದು ಸಾಧಾರಣ ಎರಡೇ ಕಾರಣಕ್ಕೆ. ಒಂದೋ ಕಚ್ಚುತ್ತದೆ, ಇಲ್ಲವೇ ಕಿತ್ತುಹೋಗಿದೆ. ನನ್ನ ಹತ್ತಿರ ಮಾತ್ರ ಮೂರನೆಯ ಕಾರಣಕ್ಕೂ ಬರುತ್ತಾರೆ. ಜಾರುತ್ತದೆ ಎಂದು.

ಹಂಪನಕಟ್ಟೆಯ ಈ ಅಂಗಡಿ ನನ್ನ ತಂದೆ ಇಟ್ಟದ್ದು. ಅವರ ಕಾಲದಲ್ಲಿ ಇಂಥದ್ದೆಲ್ಲ ಆದದ್ದು ನನಗೆ ನೆನಪಿಲ್ಲ. ನನ್ನ ಕಾಲದಲ್ಲಿ ಒಂದು ತಾಪತ್ರಯ ಮುಗಿಯಿತು ಎಂದು ಶಟರ್ ಎಳೆದು ಮನೆಗೆ ಹೋದರೆ, ಮರುದಿನ ಬೆಳಿಗ್ಗೆ ಇನ್ನೊಂದು ಬಂದು ಅದೇ ಶಟರಿನ ಎದುರು ನಿಂತಿರುತ್ತದೆ. ನನ್ನ ಹೆಂಡತಿ ಹೇಳುತ್ತಾಳೆ, "ನಿಮ್ಮ ಮುಖದಲ್ಲೇ ಎಂತದೋ ಉಂಟು. ಇವರ ಹತ್ತಿರ ಹೇಳಿದರೆ ಇಲ್ಲ ಅನ್ನುದಿಲ್ಲ ಅಂತ ಜನಕ್ಕೆ ದೂರದಿಂದಲೇ ಗೊತ್ತಾಗ್ತದೆ."

ಕೆಳಗೆ ಹೇಳುವುದೆಲ್ಲ ಶುರುವಾದದ್ದು ಹಾಗೆಯೇ, ಒಬ್ಬರು ನಿವೃತ್ತ ಪ್ರೊಫೆಸರ್ ದೂರದಿಂದ ನನ್ನ ಮುಖ ನೋಡಿದ್ದರಿಂದ.

ಬೇರೆ ಎಂತ ಉಂಟು

ಪ್ರೊಫೆಸರ್ ಕಾಲೇಜಿನಲ್ಲಿ ಚರಿತ್ರೆ ಕಲಿಸಿದವರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಆರಾಮ ಪೇಪರ್ ಓದಿಕೊಂಡು ಕೂರಬಹುದಿತ್ತು. ಅದು ಬಿಟ್ಟು, ಚರಿತ್ರೆಯನ್ನು ನಡೆದ ಹಾಗೆಯೇ ನಡೆಸಿ ತೋರಿಸುವ ಒಂದು ತಂಡ ಕಟ್ಟಿದರು. ನಮ್ಮ ಕರಾವಳಿಯ ರಾಣಿಯೊಬ್ಬಳು ಪೋರ್ಚುಗೀಸರನ್ನು ಸೋಲಿಸಿ ಹಡಗು ಹತ್ತಿಸಿದ ಕಥೆ. ಅದನ್ನು ನಾಟಕ ಎಂದರೆ ಅವರಿಗೆ ಬೇಜಾರಾಗುತ್ತದೆ. "ನಾಟಕ ಅಲ್ಲ ಸಾಹೇಬ್ರೆ, ಮರುಸೃಷ್ಟಿ" ಎನ್ನುತ್ತಾರೆ. ಅಂಗಿ, ಗುಂಡಿ, ಕತ್ತಿಯ ಹಿಡಿ, ಎಲ್ಲ ಆ ಕಾಲದ್ದೇ ಆಗಬೇಕು. ಬೂಟು ಕೂಡ.

ಒಂದು ಬೆಳಿಗ್ಗೆ ಬಂದು ಹಳೆಯ ಬೂಟಿನ ಚಿತ್ರವೊಂದನ್ನು ಕೌಂಟರಿನ ಮೇಲೆ ಇಟ್ಟರು.

"ಇದೇ ಮಾದರಿ ಬೇಕು. ಮೇಲೂ ಚರ್ಮ, ಅಡಿಯ ಅಟ್ಟೆಯೂ ಚರ್ಮ. ರಬ್ಬರ್ ಒಂದು ಚೂರೂ ಇರಬಾರದು. ಆಗ ರಬ್ಬರ್ ಇರಲಿಲ್ಲ."

"ಚರ್ಮದ ಅಟ್ಟೆ ಜಾರ್ತದೆ ಸರ್," ಎಂದೆ.

"ಅದನ್ನೇ ಹಾಕಿಕೊಂಡು ಅವರು ಅರ್ಧ ಪ್ರಪಂಚ ಸುತ್ತಿದ್ದಾರೆ."

"ಅವರು ಟೈಲ್ಸ್ ಮೇಲೆ ಸುತ್ತಲಿಲ್ಲ ಸರ್."

ಅವರು ಪಾಠ ಮಾಡಿ ಅಭ್ಯಾಸವಾದವರು, ಕೇಳಿಸಿಕೊಂಡು ಅಲ್ಲ. ಸರಿ, ಮಾಡಿಸಿಕೊಟ್ಟೆ. ಅಳತೆ ನೋಡುವ ದಿನ ಪೋರ್ಚುಗೀಸ್ ಕಪ್ತಾನನ ಪಾತ್ರದವರನ್ನು ಕರೆದುಕೊಂಡು ಬಂದರು. ಅವರು ಇನ್ಶೂರೆನ್ಸ್ ಏಜೆಂಟ್. ಎತ್ತರದ ಆಳು, ಮೈ ಕೈ ತುಂಬಿದವರು, ಮೀಸೆಯೂ ಉಂಟು. ಬೂಟು ಹಾಕಿ ಕನ್ನಡಿಯ ಎದುರು ನಿಂತಾಗ ನನಗೇ ಸ್ವಲ್ಪ ಹೆದರಿಕೆಯಾಯಿತು.

"ಈಗ ಹಡಗಿನಿಂದ ಇಳಿದು ಬರುವ ಹಾಗೆ ಬನ್ನಿ," ಎಂದರು ಪ್ರೊಫೆಸರ್.

ನನ್ನ ಅಂಗಡಿಗೆ ಆಗಷ್ಟೇ ಹೊಸ ಟೈಲ್ಸ್ ಹಾಕಿಸಿದ್ದೆ, ಮುಖ ಕಾಣುವಂಥದ್ದು. ಏಜೆಂಟರು ಎದೆ ಉಬ್ಬಿಸಿ ಬಾಗಿಲ ಹತ್ತಿರದಿಂದ ಹೊರಟರು. ಮೊದಲೆರಡು ಹೆಜ್ಜೆ ಅವರೇ ಇಟ್ಟರು. ಆಮೇಲಿನದ್ದು ಬೂಟು ಇಟ್ಟಿತು. ಹಡಗಿನಿಂದ ಇಳಿದ ಹಾಗೆ ಅಲ್ಲ, ಹಡಗೇ ಬಂದ ಹಾಗೆ ಬಂದರು. ನೇರ ಲೇಡೀಸ್ ಚಪ್ಪಲಿಯ ರ್‍ಯಾಕಿಗೆ ತಾಗಿ, ರ್‍ಯಾಕ್ ಅವರ ಮೇಲೆ ಬಿದ್ದು, ಹೀಲ್ಸ್‌ಗಳ ನಡುವೆ ಮೀಸೆ ಮಾತ್ರ ಕಾಣುತ್ತಿತ್ತು.

ಬೆಂಚಿನ ಮೇಲೆ ಒಬ್ಬರು ಹೆಂಗಸು ತುಂಬಾ ಹೊತ್ತಿನಿಂದ ಚಪ್ಪಲಿ ಹಾಕಿ ತೆಗೆದು ಮಾಡುತ್ತಾ ಕೂತಿದ್ದರು. ನಾವು ಏಜೆಂಟರನ್ನು ಎಬ್ಬಿಸುವುದನ್ನು ಪೂರ್ತಿ ನೋಡಿದರು. ಮತ್ತೆ ಮೆಲ್ಲ ನನ್ನ ಹತ್ತಿರ ಬಂದು ಕೇಳಿದರು.

"ಆ ಮಾಡೆಲ್ ಬೇಡ ಸಾಹೇಬ್ರೆ. ಬೇರೆ ಎಂತ ಉಂಟು?"

ಹಿಂದೆ ಹೋದವರು

ಹೊಸ ಚರ್ಮದ ಅಟ್ಟೆ ನುಣ್ಣಗಿರುತ್ತದೆ. ಒರಟಾದ ನೆಲದಲ್ಲಿ ಸ್ವಲ್ಪ ದಿನ ನಡೆದರೆ ಗೀರು ಬಿದ್ದು ಹಿಡಿತ ಬರುತ್ತದೆ. ಇದನ್ನು ನಾನು ಹೇಳಬಾರದಿತ್ತು, ಹೇಳಿದೆ. ಪ್ರೊಫೆಸರ್ ಕೂಡಲೇ ಎಲ್ಲ ಪೋರ್ಚುಗೀಸರಿಗೂ ಆಜ್ಞೆ ಮಾಡಿದರು, ದಿನಾ ಬೂಟು ಹಾಕಿಕೊಂಡೇ ತಿರುಗಾಡಬೇಕು ಎಂದು.

ಉಳಿದವರು ಮನೆಯ ಅಂಗಳದಲ್ಲಿ ಎರಡು ಸುತ್ತು ಹಾಕಿ ಬಿಟ್ಟಿರಬೇಕು. ಏಜೆಂಟರು ಮಾತ್ರ ನಿಯತ್ತಿನವರು. ಅದೇ ಬೂಟಿನಲ್ಲಿ ಪಾಲಿಸಿ ಮಾಡಿಸಲು ಮನೆಮನೆಗೆ ಹೋದರು. ಸಿಮೆಂಟು, ಡಾಮರು, ಜಲ್ಲಿ, ಎಲ್ಲ ಕಡೆ ನಡೆದರು. ಎರಡು ವಾರ ಆದ ಮೇಲೆ ಅಂಗಡಿಗೆ ಬಂದು ಅಟ್ಟೆ ತೋರಿಸಿದಾಗ ನಿಜವಾಗಿ ಗೀರು ಬಿದ್ದಿತ್ತು. ನನಗೂ ಸಮಾಧಾನವಾಯಿತು. ಮಾತಾಡುತ್ತಾ ಇಬ್ಬರೂ ಬಸ್ಸಿನ ತನಕ ಹೋದೆವು. ನನಗೂ ಅದೇ ಕಡೆ ಒಂದು ಕೆಲಸ ಇತ್ತು.

ನಮ್ಮ ಸಿಟಿ ಬಸ್ಸು ಗೊತ್ತಲ್ಲ. ಮುಂದಿನ ಬಾಗಿಲಿನ ಹತ್ತಿರ ಜನ ಒತ್ತಿ ನಿಂತಿರುತ್ತಾರೆ, ಹಿಂದೆ ಖಾಲಿ ಇರುತ್ತದೆ. ಕಂಡಕ್ಟರ್ "ಪಿರ ಪೋಲೆ, ಪಿರ ಪೋಲೆ, ಸ್ವಲ್ಪ ಹಿಂದೆ ಹೋಗಿ" ಎಂದು ಬೊಬ್ಬೆ ಹಾಕುತ್ತಲೇ ಇರುತ್ತಾನೆ. ಯಾರೂ ಕದಲುವುದಿಲ್ಲ. ಆ ದಿನವೂ ಹಾಗೆಯೇ. ಜನ ಹತ್ತಿ ಇಳಿದು ನಡುವೆ ಸ್ವಲ್ಪ ದಾರಿ ಬಿಟ್ಟಿತ್ತು, ಏಜೆಂಟರು ಕಂಬಿಯಿಂದ ಕೈ ತೆಗೆದು ಕಿಸೆಯಿಂದ ಚಿಲ್ಲರೆ ತೆಗೆಯುತ್ತಿದ್ದರು. ಡ್ರೈವರ್ ಒಮ್ಮೆಲೇ ಬಸ್ಸು ಬಿಟ್ಟ. ಬಸ್ಸಿನ ನೆಲದ ತಗಡಿಗೆ ಆ ಗೀರುಗಳು ಎಂತ ಲೆಕ್ಕ. ಏಜೆಂಟರು ನಿಂತ ಭಂಗಿಯಲ್ಲೇ, ಚಿಲ್ಲರೆ ಹಿಡಿದ ಕೈ ಮುಂದೆ ಚಾಚಿಕೊಂಡು, ಎಲ್ಲರ ನಡುವಿನಿಂದ ಜಾರುತ್ತಾ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತುಬಿಟ್ಟರು. ಪುಣ್ಯಕ್ಕೆ ಸೀಟು ಖಾಲಿ ಇತ್ತು.

ಕಂಡಕ್ಟರ್ ಒಮ್ಮೆ ಹಿಂದಿನ ಸೀಟಿನ ಕಡೆ ತಿರುಗಿ ನೋಡಿದ. ಆಮೇಲೆ ಮುಂದೆ ಇದ್ದವರನ್ನೆಲ್ಲ ನೋಡಿ ಹೇಳಿದ, "ವರ್ಷಗಟ್ಟಲೆ ಬಾಯಿ ಬಡಕೊಂಡಿದ್ದೇನೆ. ಇವತ್ತು ಮೊದಲ ಸಲ ಒಬ್ರು ಹಿಂದೆ ಹೋದ್ರು."

ಮರ್ಯಾದಸ್ತ ಶತ್ರುಗಳು

ಇಲ್ಲಿ ರಾಣಿಯ ವಿಷಯ ಹೇಳಬೇಕು. ರಾಣಿಯ ಪಾತ್ರ ಮಾಡುತ್ತಿದ್ದವರು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಹಾಗಾಗಿ ತಂಡದಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುವುದು. ಪೋರ್ಚುಗೀಸ್ ಕಪ್ತಾನ ಕೂಡ ಕತ್ತಿ ಎತ್ತುವ ಮೊದಲು "ರೆಡಿಯಾ ಸಿಸ್ಟರ್" ಎಂದು ಕೇಳುತ್ತಿದ್ದ. ಅವರಿಗೂ ಪ್ರೊಫೆಸರ್ ಚರ್ಮದ ಅಟ್ಟೆಯ ಪಾದರಕ್ಷೆಯೇ ಮಾಡಿಸಿದ್ದರು. ಅರಮನೆಯವರು ಬರಿಗಾಲಲ್ಲಿ ಬರಲಿಕ್ಕೆ ಆಗುವುದಿಲ್ಲವಂತೆ. ರಾಣಿಯ ಸೈನಿಕರು ಮಾತ್ರ ಬರಿಗಾಲು. ಅವರಲ್ಲಿ ಒಬ್ಬರೂ ಒಮ್ಮೆಯೂ ಬೀಳಲಿಲ್ಲ. ಪೋರ್ಚುಗೀಸರು ಯಾಕೆ ಸೋತರು ಎಂದು ಚರಿತ್ರೆ ಓದದೆ ನನಗೆ ತಿಳಿದದ್ದು ಆಗಲೇ.

ಪ್ರೊಫೆಸರ್ ಭಾನುವಾರ ಚರ್ಚಿಗೆ ಹೋದಾಗ ಕ್ವಾಯರಿನಲ್ಲಿ ವಯಲಿನ್ ಬಾರಿಸುವವರು ಕಮಾನಿಗೆ ರಾಳ ಉಜ್ಜುವುದನ್ನು ನೋಡಿದರು. ಪೂಜೆ ಮುಗಿದ ಕೂಡಲೇ ಒಂದು ತುಂಡು ಕೇಳಿ ತೆಗೆದುಕೊಂಡು ಬಂದರು. "ಇದು ಮರದ ಅಂಟು. ಆ ಕಾಲದಲ್ಲೂ ಇತ್ತು. ತಂತಿಯನ್ನು ಹಿಡಿಯುವುದು ನೆಲವನ್ನು ಹಿಡಿಯುವುದಿಲ್ವಾ?"

ಪುಡಿ ಮಾಡಿ ಅಟ್ಟೆಗೆ ಉಜ್ಜಿದೆವು. ಹಿಡಿಯಿತು. ಆದರೆ ಹತ್ತು ಹೆಜ್ಜೆಗೆ ಪುಡಿ ಉದುರಿ ಹೋಗುತ್ತಿತ್ತು. ಆಗ ಅವರೇ ಅದಕ್ಕೆ ಮೇಣ ಸೇರಿಸಿ ಬಿಸಿ ಮಾಡಿ ಬಳಿಯಲು ಹೇಳಿದರು. ನಾನು ಬೇಡ ಎಂದೆ. ಬೇಡ ಎನ್ನುತ್ತಲೇ ಸ್ಟವ್ ಹಚ್ಚಿಯೂ ಕೊಟ್ಟೆ. ನನ್ನ ಹೆಂಡತಿ ಹೇಳುವುದು ಇದನ್ನೇ ಇರಬೇಕು.

ಒಂದು ಸಂಘದ ವಾರ್ಷಿಕೋತ್ಸವದಲ್ಲಿ ಪ್ರದರ್ಶನ. ವೇದಿಕೆಗೆ ಕಾರ್ಪೆಟ್ ಹಾಸಿದ್ದರು. ಸೆಕೆ ಎಂದರೆ ಸೆಕೆ, ಮೇಲಿಂದ ದೀಪದ ಬಿಸಿ ಬೇರೆ. ಪೋರ್ಚುಗೀಸ್ ಸಿಪಾಯಿಗಳು ಸಾಲಾಗಿ ನಿಂತರು. ರಾಣಿ ಅವರಿಗೆ ಬೈಯುವ ಮಾತು ಉದ್ದ ಉಂಟು. ಅವರು ಬೈದು ಮುಗಿಸುವಷ್ಟರಲ್ಲಿ ರಾಳವೂ ಮೇಣವೂ ಕರಗಿ ಕಾರ್ಪೆಟಿನ ಒಳಗೆ ಇಳಿದಾಗಿತ್ತು.

"ತೊಲಗಿ ನನ್ನ ನೆಲದಿಂದ," ಎಂದರು ಸಿಸ್ಟರ್.

ಯಾರೂ ತೊಲಗಲಿಲ್ಲ. ಸಿಸ್ಟರ್ ಇನ್ನೊಮ್ಮೆ ಹೇಳಿದರು. ಸಿಪಾಯಿಗಳು ಮುಖ ಮುಖ ನೋಡಿಕೊಂಡರು, ಮೈ ಹಿಂದೆ ಮುಂದೆ ಮಾಡಿದರು. ಕೊನೆಗೆ ಒಬ್ಬ ಬಗ್ಗಿ ಬೂಟಿನ ಪಟ್ಟಿ ಬಿಚ್ಚಿದ. ಅವನನ್ನು ನೋಡಿ ಉಳಿದವರೂ ಬಿಚ್ಚಿದರು. ಸೋತ ಸೈನ್ಯ ಸಾಕ್ಸಿನಲ್ಲಿ ತಲೆ ತಗ್ಗಿಸಿಕೊಂಡು ಒಳಗೆ ಹೋಯಿತು. ಬೂಟುಗಳು ಸಾಲಾಗಿ ವೇದಿಕೆಯಲ್ಲೇ ಉಳಿದವು.

ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಅಜ್ಜಿ ಪಕ್ಕದವರಿಗೆ ಹೇಳುತ್ತಿದ್ದರು, "ಶತ್ರುಗಳಾದರೂ ಎಷ್ಟು ಮರ್ಯಾದೆ ನೋಡಿ. ರಾಣಿಯ ಎದುರು ಚಪ್ಪಲಿ ಬಿಚ್ಚಿಯೇ ಹೋದರು. ನಮ್ಮ ಮಕ್ಕಳಿಗೆ ಉಂಟಾ ಇದೆಲ್ಲ?"

ಬೆಲ್ಲದ ನೀರು

ಕಾರ್ಪೆಟ್ ಹಾಳಾದದ್ದಕ್ಕೆ ಸಂಘದವರು ಮತ್ತೆ ನಮ್ಮನ್ನು ಕರೆಯಲಿಲ್ಲ. ಒಂದು ಶಾಲೆಯವರು ಕರೆದರು. ಅವರದ್ದು ಬರಿಯ ನೆಲ, ರೆಡ್ ಆಕ್ಸೈಡ್, ಮೂರು ತಲೆಮಾರಿನ ಮಕ್ಕಳು ಜಾರಾಡಿ ನುಣುಪು ಮಾಡಿದ್ದು.

ಸಿಸ್ಟರ್ ಒಂದು ಉಪಾಯ ಹೇಳಿದರು. ಅವರ ಆಸ್ಪತ್ರೆಯ ಹಾಸ್ಟೆಲಿನಲ್ಲಿ ಡ್ಯಾನ್ಸ್ ಮಾಡುವ ಹುಡುಗಿಯರು ಸ್ಟೇಜಿಗೆ ಕೋಲಾ ಒರೆಸುತ್ತಾರಂತೆ. ಒಣಗಿದ ಮೇಲೆ ಕಾಲಿಗೆ ಒಳ್ಳೆ ಹಿಡಿತ ಸಿಗುತ್ತದಂತೆ.

ಪ್ರೊಫೆಸರ್ ಯೋಚಿಸಿದರು. "ಉಪಾಯ ಒಳ್ಳೆದುಂಟು. ಆದರೆ ಕೋಲಾ ಆಗುವುದಿಲ್ಲ. ಆಗ ಕೋಲಾ ಇರಲಿಲ್ಲ."

"ನೆಲ ಒರೆಸಲಿಕ್ಕೆ ಸರ್. ಕುಡಿಯಲಿಕ್ಕೆ ಅಲ್ಲ," ಎಂದೆ.

"ಬೆಲ್ಲ ಇತ್ತು," ಎಂದರು ಅವರು.

ಹಾಗಾಗಿ ಬೆಲ್ಲದ ನೀರು. ಬೆಳಿಗ್ಗೆ ಬೇಗ ಹೋಗಿ ಒರೆಸಿ, ಫ್ಯಾನ್ ಹಾಕಿ ಒಣಗಿಸಿದೆವು. ಸತ್ಯ ಹೇಳಬೇಕು, ಅಷ್ಟು ಒಳ್ಳೆಯ ಹಿಡಿತ ಯಾವತ್ತೂ ಸಿಕ್ಕಿರಲಿಲ್ಲ. ಕಾಳಗ ಚೆನ್ನಾಗಿ ನಡೆಯಿತು. ಯಾರೂ ಜಾರಲಿಲ್ಲ. ನಾನು ಬದಿಯಲ್ಲಿ ಕುರ್ಚಿ ಎಳೆದು ಕೂತೆ, ಎಷ್ಟೋ ತಿಂಗಳ ನಂತರ ಬೆನ್ನು ಆನಿಸಿ.

ಆದರೆ ಬೆಲ್ಲ ಬಳಿದದ್ದು ಬೆಳಿಗ್ಗೆ, ಪ್ರದರ್ಶನ ಮಧ್ಯಾಹ್ನದ ಊಟದ ನಂತರ. ನಡುವೆ ಇರುವೆಗಳಿಗೆ ಬೇಕಾದಷ್ಟು ಸಮಯ ಸಿಕ್ಕಿತ್ತು. ಬೂಟು ಹಾಕಿ ನಿಂತವರಿಗೆ ಅದು ತಿಳಿಯಲಿಲ್ಲ, ರಾಣಿಯ ಬರಿಗಾಲಿನ ಸೈನಿಕರು ಕಾಳಗ ಮುಗಿಸಿ ಆಗಲೇ ಒಳಗೆ ಹೋಗಿದ್ದರು. ತಿಳಿದದ್ದು ಏಜೆಂಟರಿಗೆ. ಕಪ್ತಾನ ಗಾಯಗೊಂಡು ಬಿದ್ದು ನೆಲದಲ್ಲಿ ಸಾಯುತ್ತಾ ಇರಬೇಕು, ರಾಣಿ ಅವನ ಪಕ್ಕ ನಿಂತು ಊರವರಿಗೆ ಭಾಷಣ ಮಾಡಬೇಕು. ಭಾಷಣ ಪ್ರೊಫೆಸರ್ ಬರೆದದ್ದು. ಸಣ್ಣದಲ್ಲ.

ಮೊದಲು ಕಪ್ತಾನನ ಒಂದು ಕಾಲು ಅಲುಗಿತು. ಆಮೇಲೆ ಕುತ್ತಿಗೆ. ಆಮೇಲೆ ಒಂದು ಕೈ ಮೆಲ್ಲ ಅಂಗಿಯ ಒಳಗೆ ಹೋಯಿತು. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು, ಸಾಯುವುದು ಹೀಗಿರುತ್ತದೆ ಎಂದು ಅವರಿಗೆ ಯಾರೂ ತೋರಿಸಿರಲಿಲ್ಲ. ಕೊನೆಗೆ ಏಜೆಂಟರು ಮೊಣಕೈ ಊರಿ ಎದ್ದು, ಪಾತ್ರ ಬಿಡದೆ, ಗಂಭೀರವಾಗಿ ಹೇಳಿದರು.

"ರಾಣಿಯವರೇ, ನಾನು ಸಾಯ್ತೇನೆ. ಅದಕ್ಕೆ ಅಡ್ಡಿ ಇಲ್ಲ. ಸ್ವಲ್ಪ ಆಚೆ ಹೋಗಿ ಸಾಯಬಹುದಾ?"

ಗುಟ್ಟು

ಈ ತನಕ ಬಿದ್ದದ್ದೆಲ್ಲ ಗಂಡಸರು, ಯಾರಿಗೂ ದೊಡ್ಡ ಪೆಟ್ಟಾಗಿರಲಿಲ್ಲ. ಒಂದು ರಿಹರ್ಸಲಿನಲ್ಲಿ ಸಿಸ್ಟರ್ ಜಾರಿದರು. ಮೆಟ್ಟಿಲಿನಿಂದ ಇಳಿಯುವಾಗ ಕಾಲು ಹೋಗಿ, ಕಂಬ ಸಿಕ್ಕಿದ್ದರಿಂದ ಬಚಾವಾದರು. ಮೊಣಕಾಲು ಸ್ವಲ್ಪ ಊದಿತ್ತು, ಅಷ್ಟೇ. ಆದರೆ ನನಗೆ ಅವತ್ತು ಊಟ ಸೇರಲಿಲ್ಲ. ಅವರಿಗೆ ಮಸ್ಕತ್ತಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು, ಹೊರಡುವುದಕ್ಕೆ ಒಂದು ತಿಂಗಳೂ ಇರಲಿಲ್ಲ.

ಮರುದಿನ ಪಡೀಲಿನಿಂದ ಅವರ ತಾಯಿ ಅಂಗಡಿಗೆ ಬಂದರು. ಶಾಲೆಯಲ್ಲಿ ಟೀಚರ್ ಆಗಿದ್ದವರು. ನಾನು ಕುರ್ಚಿ ಕೊಟ್ಟೆ, ಕೂರಲಿಲ್ಲ.

"ಅವಳ ಮೆಡಿಕಲ್ ಆಗಿದೆ, ಟಿಕೆಟ್ ಆಗಿದೆ," ಎಂದರು. "ಅವಳು ಅಲ್ಲಿಗೆ ಹೋಗುದು ಪೇಶೆಂಟ್ ನೋಡಲಿಕ್ಕೆ. ಪೇಶೆಂಟ್ ಆಗಿ ಹೋಗಲಿಕ್ಕೆ ಅಲ್ಲ."

"ನೀವು ಅವರಿಗೇ ಹೇಳಿ ಟೀಚರ್, ಈ ಸಲ ಬೇಡ ಅಂತ."

"ಹೇಳದೆ ಇರ್ತೇನಾ? ಎಂತ ಹೇಳಿದಳು ಗೊತ್ತುಂಟಾ? ಡ್ಯೂಟಿಯಲ್ಲಿ ಇಡೀ ದಿನ ಎಲ್ಲರೂ ನನಗೆ ಆರ್ಡರ್ ಮಾಡ್ತಾರೆ ಮಮ್ಮಿ, ಇಲ್ಲಿ ಒಂದು ಗಂಟೆ ನಾನು ಆರ್ಡರ್ ಮಾಡ್ತೇನೆ, ಅದನ್ನು ಬಿಡುದಿಲ್ಲ ಅಂದಳು."

ಟೀಚರ್ ಚೀಲದಿಂದ ರಾಣಿಯ ಪಾದರಕ್ಷೆ ತೆಗೆದು ಕೌಂಟರಿನ ಮೇಲೆ ಇಟ್ಟರು.

"ರಬ್ಬರ್ ಹಾಕಿ," ಎಂದರು ಟೀಚರ್.

"ಪ್ರೊಫೆಸರ್?"

"ಅವರು ರಾಣಿಯ ಅಂಗಾಲು ನೋಡ್ತಾರಾ?"

ತೆಳುವಾದ ರಬ್ಬರ್ ಶೀಟ್ ಕತ್ತರಿಸಿ ಅಟ್ಟೆಗೆ ಅಂಟಿಸಿ, ಅಂಚಿಗೆ ಚರ್ಮದ ಬಣ್ಣ ಬಳಿದೆ. ನೋಡಿದರೆ ನನಗೂ ಗೊತ್ತಾಗುತ್ತಿರಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಹೇಳಲೂ ಇಲ್ಲ. ಆದರೂ ಎರಡು ದಿನದಲ್ಲಿ ಏಜೆಂಟರು ಬೂಟನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. "ನನಗೊಬ್ಬನಿಗೆ ಮಾತ್ರ ಸಾಹೇಬ್ರೆ. ಉಳಿದವರಿಗೆ ಗೊತ್ತಾಗಬಾರದು." ಅವರು ಹೋದ ಮೇಲೆ ಒಬ್ಬ ಸಿಪಾಯಿ ಬಂದ, ಅವನಿಗೂ ಅವನೊಬ್ಬನಿಗೆ ಮಾತ್ರ. ವಾರ ಕಳೆಯುವುದರೊಳಗೆ ಇಡೀ ಪೋರ್ಚುಗೀಸ್ ಸೈನ್ಯ ಒಬ್ಬೊಬ್ಬನೇ ಬಂದು ರಬ್ಬರ್ ಹಾಕಿಸಿಕೊಂಡು ಹೋಯಿತು.

ಕೊನೆಗೆ ಬಂದ ಸಿಪಾಯಿಯನ್ನು ಕೇಳಿದೆ, "ನಿನಗೆ ಯಾರು ಹೇಳಿದ್ದು ಮಾರಾಯ?"

"ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬಂದಿದೆ. ಪ್ರೊಫೆಸರಿಗೆ ಗೊತ್ತಾಗದ ಹಾಗೆ ಎಲ್ಲರೂ ಹಾಕಿಸಿಕೊಳ್ಳಿ ಅಂತ."

"ಆ ಗ್ರೂಪಿನಲ್ಲಿ ಪ್ರೊಫೆಸರ್ ಇಲ್ವಾ?"

"ಇದ್ದಾರೆ. ಅವರು ಗುಡ್ ಮಾರ್ನಿಂಗ್ ಹಾಕುದು ಮಾತ್ರ. ಓದುದಿಲ್ಲ."

ಬೀಳಲಾರದ ಕಪ್ತಾನ

ಸಿಸ್ಟರ್ ಈಗ ಮಸ್ಕತ್ತಿನಲ್ಲಿ ಆರಾಮ ಇದ್ದಾರೆ, ಎರಡು ಕಾಲೂ ಸರಿ ಉಂಟು. ಆದರೆ ಅವರ ಕೊನೆಯ ಪ್ರದರ್ಶನದ ಸಂಜೆ ಅದು ನನಗೆ ಗೊತ್ತಿರಲಿಲ್ಲ. ದೊಡ್ಡ ಹಾಲ್, ಜನ ತುಂಬಿದ್ದರು. ವೇದಿಕೆ ಪಾಲಿಶ್ ಮಾಡಿದ ಗ್ರಾನೈಟ್. ಟೀಚರ್ ಮುಂದಿನ ಸಾಲಿನಲ್ಲಿ ಜಪಮಾಲೆ ಹಿಡಿದು ಕೂತಿದ್ದರು. ನಾನು ಪರದೆಯ ಬದಿಯಲ್ಲಿ, ಪ್ರೊಫೆಸರ್ ಪಕ್ಕ ನಿಂತಿದ್ದೆ.

ಪೋರ್ಚುಗೀಸರು ಸಾಲಾಗಿ ಬಂದರು. ಯಾರೂ ಜಾರಲಿಲ್ಲ. ಆದರೆ ಹೊಸ ರಬ್ಬರ್, ಪಾಲಿಶ್ ಆದ ಕಲ್ಲು. ಪ್ರತಿ ಹೆಜ್ಜೆಗೂ ಕೀಚ್ ಎಂದಿತು. ಇಡೀ ಸೈನ್ಯ ಒಟ್ಟಿಗೆ ನಡೆದಾಗ ಕೀಚ್ ಕೀಚ್ ಕೀಚ್ ಎಂದು ಹಾಲ್ ಇಡೀ ಕೇಳಿತು.

ಪ್ರೊಫೆಸರ್ ಕಿವಿ ನಿಮಿರಿಸಿದರು. "ಸಾಹೇಬ್ರೆ, ಅದು ಎಂತ ಶಬ್ದ?"

ನನಗೆ ಬೇರೆ ಏನೂ ಹೊಳೆಯಲಿಲ್ಲ. "ಇಲಿ ಇರಬೇಕು ಸರ್."

ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡು ತಲೆಯಾಡಿಸಿದರು. "ಇರಲಿ. ಅವರ ಹಡಗಿನಲ್ಲೂ ಇಲಿ ಬೇಕಾದಷ್ಟಿತ್ತು."

ಕಾಳಗ ಆಯಿತು. ಸಿಸ್ಟರ್ ಮೆಟ್ಟಿಲಿಳಿದು ಬಂದರು, ತಿರುಗಿದರು, ಕತ್ತಿ ಬೀಸಿದರು. ಪಾದ ಎಲ್ಲಿ ಇಟ್ಟರೆ ಅಲ್ಲೇ ನಿಲ್ಲುತ್ತಿತ್ತು. ನಾನು ಉಸಿರು ಬಿಟ್ಟೆ. ಇನ್ನು ಕಪ್ತಾನ ಬಿದ್ದರೆ ಮುಗಿಯಿತು.

ಅಲ್ಲಿಯೇ ಎಡವಟ್ಟಾದದ್ದು. ಇಷ್ಟು ದಿನ ಆ ಬೀಳುವ ಭಾಗಕ್ಕೆ ಅಭ್ಯಾಸವೇ ಬೇಕಾಗಿರಲಿಲ್ಲ. ರಾಣಿ ಕತ್ತಿ ಬೀಸುವುದು, ಏಜೆಂಟರು ಒಂದು ಹೆಜ್ಜೆ ಹಿಂದೆ ಇಡುವುದು, ಉಳಿದದ್ದನ್ನು ಚರ್ಮದ ಅಟ್ಟೆಯೇ ನೋಡಿಕೊಳ್ಳುತ್ತಿತ್ತು. ಬೆಲ್ಲದ ದಿನ ಮಾತ್ರ ಅಂಟಿನಲ್ಲಿ ಕಾಲು ಎಡವಿ ಬಿದ್ದಿದ್ದರು. ಬೀಳುವುದು ಹೇಗೆ ಎಂದು ಅವರು ಕಲಿತೇ ಇರಲಿಲ್ಲ.

ಸಿಸ್ಟರ್ ಕತ್ತಿ ಬೀಸಿದರು. ಏಜೆಂಟರು ಹೆಜ್ಜೆ ಹಿಂದಿಟ್ಟರು. ಕೀಚ್. ನಿಂತೇ ಇದ್ದರು.

ಸಿಸ್ಟರ್ ಇನ್ನೊಮ್ಮೆ ಬೀಸಿದರು. ಏಜೆಂಟರು ಈ ಸಲ ಎರಡು ಹೆಜ್ಜೆ ಹಿಂದೆ ಹೋದರು. ಕೀಚ್, ಕೀಚ್. ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ, ನೆಟ್ಟಗೆ ತೆಂಗಿನ ಮರದ ಹಾಗೆ ನಿಂತರು. ಅಷ್ಟು ದೊಡ್ಡ ದೇಹವನ್ನು ಗ್ರಾನೈಟಿನ ಮೇಲೆ ತಾನಾಗಿ ಬಿಡಲು ಅವರಿಗೆ ಧೈರ್ಯ ಬರುತ್ತಿರಲಿಲ್ಲ. ಮನುಷ್ಯ ಬಿದ್ದರೆ ಎಂತೆಂತ ಆಗುತ್ತದೆ ಎಂದು ದಿನಾ ಜನರಿಗೆ ವಿವರಿಸುವವರಲ್ಲವೇ. ಮುಂದಿನ ಸಾಲುಗಳಲ್ಲಿ ನಗು ಶುರುವಾಯಿತು. ಮೂರನೆಯ ಪೆಟ್ಟಿಗೆ ಕಪ್ತಾನ ಕಣ್ಣು ಬಿಟ್ಟು ಪಿಸುಗುಟ್ಟಿದರು. ಕಾಲರಿನಲ್ಲಿ ಮೈಕ್ ಇದ್ದದ್ದರಿಂದ ಕೊನೆಯ ಸಾಲಿಗೂ ಕೇಳಿಸಿತು.

"ಬೀಳಲಿಕ್ಕೆ ಆಗ್ತಾ ಇಲ್ಲ ಸಿಸ್ಟರ್."

ಸಿಸ್ಟರ್ ಒಂದು ನಿಮಿಷ ಅವರನ್ನೇ ನೋಡಿದರು. ರಾಣಿಯ ಮುಖ ಇಳಿದು ವಾರ್ಡಿನ ಮುಖ ಬಂದದ್ದು ನನಗೆ ಪರದೆಯ ಬದಿಯಿಂದಲೇ ಕಂಡಿತು. ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಹತ್ತಿರ ಹೋಗಿ ಒಂದು ಕೈ ಕಪ್ತಾನನ ಬೆನ್ನಿಗೆ ಕೊಟ್ಟರು, ಇನ್ನೊಂದರಲ್ಲಿ ಮೊಣಕೈ ಹಿಡಿದರು.

"ಗಡಿಬಿಡಿ ಬೇಡ," ಎಂದರು. ಅವರ ಮೈಕೂ ಆನ್ ಇತ್ತು. "ಮೊದಲು ಮೊಣಕಾಲು ಮಡಚಿ. ಹಾಂ. ಈಗ ಮೆಲ್ಲ ಕೂತುಕೊಳ್ಳಿ. ಭಾರ ನನ್ನ ಮೇಲೆ ಹಾಕಿ, ಪರವಾಗಿಲ್ಲ. ಈಗ ಎಡಕ್ಕೆ ತಿರುಗಿ, ತಲೆ ಕೆಳಗಿಡಿ."

ಕಪ್ತಾನ ಮಗುವಿನ ಹಾಗೆ ಹೇಳಿದ್ದನ್ನೆಲ್ಲ ಮಾಡಿ, ನೆಲದಲ್ಲಿ ಉದ್ದಕ್ಕೆ ಮಲಗಿದರು. ಹಾಲಿನಲ್ಲಿ ಜನ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಟೀಚರ್ ಕೂಡ. ಪ್ರೊಫೆಸರ್ ಮಾತ್ರ ನನ್ನ ಪಕ್ಕದಲ್ಲಿ ಎರಡೂ ಕೈಯಲ್ಲಿ ತಲೆ ಹಿಡಿದು ನಿಂತಿದ್ದರು. ಸಿಸ್ಟರ್ ಬಗ್ಗಿ ಕಪ್ತಾನನ ಅಂಗಿ ಸರಿಮಾಡಿ, ಎದ್ದು ನಿಂತು, ಈಗ ರಾಣಿಯ ಭಾಷಣ ಶುರು ಮಾಡುತ್ತಾರೆ ಎಂದು ನಾವೆಲ್ಲ ಕಾದರೆ, ಕಪ್ತಾನನಿಗೆ ಬೆರಳು ತೋರಿಸಿ ಹೇಳಿದರು.

"ಇನ್ನು ಅಲುಗಾಡಬೇಡಿ. ಡಾಕ್ಟ್ರು ರೌಂಡ್ಸಿಗೆ ಬರುವ ತನಕ ಹೀಗೇ ಮಲಗಿರಿ."